ಕಡಿಯುವ ಬೆಕ್ಕು ಮನೆಯಲ್ಲಿದ್ದರೆ

ನಮ್ಮ ತರಗತಿಯಲ್ಲಿ ಯಾರ ಮನೆಯಲ್ಲಿ ಬೆಕ್ಕಿದೆ ಎಂದು ಬಾಯಿಬಿಟ್ಟು ಕೇಳಬೇಕಾಗಿಲ್ಲ, ಮುಂಗೈ ನೋಡಿದರೆ ಸಾಕು. ಮೂರು ಸಾಲು ಗೀರು, ಪಕ್ಕದಲ್ಲಿ ಒಣಗಿದ ಎರಡು ಚುಕ್ಕೆ. ಗೋಕಾಕದವರಲ್ಲೂ ಇಂಥ ಕೈಗಳಿವೆ, ಮೂಡಲಗಿ ಬಸ್ಸಿಗೆ ಬರುವವರಲ್ಲೂ ಇವೆ, ಹುಕ್ಕೇರಿ ಕಡೆಯಿಂದ ಬಂದು ಸಂಬಂಧಿಕರ ಮನೆಯಲ್ಲಿದ್ದು ಓದುವವರಲ್ಲೂ ಇವೆ. ಏನಾಯಿತು ಎಂದು ಕೇಳಿದರೆ ನಗುತ್ತಾರೆ. "ನಮ್ಮ ಬೆಕ್ಕಿಗೆ ಸಿಟ್ಟ ಭಾಳ ಐತಿ" ಎನ್ನುತ್ತಾರೆ. ನಮ್ಮ ಮನೆಯಲ್ಲೂ ಅಂಥದ್ದೊಂದು ಇದೆ. ಹಳದಿ ಪಟ್ಟೆಯ ಗಂಡು ಬೆಕ್ಕು, ಹೆಸರು ಶೇರು. ಮರಿಯಾಗಿದ್ದಾಗ ತಮಾಷೆಗೆ ಆ ಹೆಸರಿಟ್ಟವರು ನಮ್ಮ ನಾನಿ. ಈಗ ಅವರೇ ಕೈಯಲ್ಲಿ ಕೋಲು ಹಿಡಿದು ಅಡುಗೆಮನೆಗೆ ಹೋಗುತ್ತಾರೆ.

ಮುಸ್ಲಿಂ ಮನೆಗಳಲ್ಲಿ ನಾಯಿಯನ್ನು ಒಳಗೆ ಸಾಕುವುದು ಅಪರೂಪ. ಬೆಕ್ಕಿಗೆ ಮಾತ್ರ ಎಲ್ಲಾ ಕಡೆ ದಾರಿ ಇದೆ. ಜಾನಮಾಜಿನ ಮೇಲೆ ಮಲಗುತ್ತದೆ, ಊಟಕ್ಕೆ ಹಾಸಿದ ದಸ್ತರಖಾನಿನ ಅಂಚಿಗೆ ಬಂದು ಕೂರುತ್ತದೆ. ಪ್ರವಾದಿಯವರ ಸಂಗಾತಿಗಳಲ್ಲಿ ಒಬ್ಬರಿಗೆ ಅಬೂ ಹುರೈರಾ, ಅಂದರೆ ಬೆಕ್ಕಿನ ಮರಿಯ ತಂದೆ, ಎಂಬ ಹೆಸರು ಬಂದದ್ದು ಹೇಗೆಂದು ಮದರಸಾದಲ್ಲಿ ನಾವೆಲ್ಲ ಕೇಳಿದ್ದೇವೆ. ಬೆಕ್ಕನ್ನು ಕೂಡಿಹಾಕಿ ಅನ್ನ ನೀರು ಕೊಡದೆ ಸಾಯಿಸಿದ ಹೆಂಗಸಿನ ಕಥೆಯನ್ನೂ ಕೇಳಿದ್ದೇವೆ. ಇಷ್ಟಿದ್ದೂ ಬೆಕ್ಕು ನಾಲ್ಕು ಸಲ ಕಡಿಯಿತೆಂದರೆ ಹಿರಿಯರು ಹೇಳುವ ಪರಿಹಾರ ಒಂದೇ: ಚೀಲದಲ್ಲಿ ಹಾಕಿ, ಬೈಕಿನ ಮೇಲೆ ಒಯ್ದು, ಘಟಪ್ರಭಾ ಹೊಳೆಯ ಆಚೆ ಬಿಟ್ಟು ಬಾ.

ಈ ಪರಿಹಾರದಿಂದ ಬೆಕ್ಕಿಗೆ ಏನಾಗುತ್ತದೆ ಎಂಬುದನ್ನು ಆಮೇಲೆ ನೋಡೋಣ. ಮೊದಲು ಮನೆಯ ಮಕ್ಕಳಿಗೆ ಏನಾಗುತ್ತದೆ ನೋಡಿ. ಕಡಿದರೆ ಬೆಕ್ಕು ಹೊರಗೆ ಎಂಬ ಕಾನೂನು ಮನೆಯಲ್ಲಿದ್ದರೆ, ಬೆಕ್ಕನ್ನು ಪ್ರೀತಿಸುವ ಮಗು ಕಡಿತವನ್ನು ಮುಚ್ಚಿಡುತ್ತದೆ. ಹುಕ್ಕೇರಿಯಲ್ಲಿರುವ ನನ್ನ ಖಾಲಾ ಮಗನಿಗೆ ಒಂಬತ್ತು ವರ್ಷ. ಕಳೆದ ಬೇಸಿಗೆಯಲ್ಲಿ ಆ ಬಿಸಿಲಿನಲ್ಲೂ ಅವನು ಮೂರು ದಿನ ತುಂಬುತೋಳಿನ ಅಂಗಿ ಹಾಕಿಕೊಂಡು ತಿರುಗಾಡಿದ. ರೊಟ್ಟಿ ಮುರಿಯಲು ಆಗದಷ್ಟು ಕೈ ಬಾತಾಗ ವಿಷಯ ಹೊರಬಿತ್ತು. ಮಣಿಕಟ್ಟಿನ ಹತ್ತಿರ ಎರಡು ಸಣ್ಣ ತೂತು. ಯಾಕೆ ಹೇಳಲಿಲ್ಲ ಎಂದು ಕೇಳಿದ್ದಕ್ಕೆ ಅವನ ಉತ್ತರ: ಹೇಳಿದ್ದರೆ ನೀವು ಮಿನ್ನೂನನ್ನು ಬಿಟ್ಟು ಬರುತ್ತಿದ್ದಿರಿ. ಸರಕಾರಿ ಆಸ್ಪತ್ರೆಯ ಡಾಕ್ಟರು ಅವನಿಗೆ ಬೈಯಲಿಲ್ಲ. ತಡವಾಗಿದ್ದರೂ ಪರವಾಗಿಲ್ಲ, ಇವತ್ತೇ ಶುರು ಮಾಡೋಣ ಎಂದು ಲಸಿಕೆ ಕೊಟ್ಟರು. ಅವನು ಈಗ ಚೆನ್ನಾಗಿದ್ದಾನೆ. ಆದರೆ ಆ ಮೂರು ದಿನ ಅವನು ಯಾವ ರೋಗದ ಜೊತೆ ಜೂಜಾಡಿದ ಎಂಬುದು ಅವನಿಗೆ ಗೊತ್ತಿರಲಿಲ್ಲ.

ಆ ರೋಗದ ಹೆಸರು ರೇಬಿಸ್. ನಮ್ಮಲ್ಲಿ ಅದನ್ನು ಹುಚ್ಚು ನಾಯಿಯ ರೋಗ ಎನ್ನುವುದರಿಂದ ಬೆಕ್ಕಿಗೂ ಅದಕ್ಕೂ ಸಂಬಂಧವಿಲ್ಲ ಎಂದು ಬಹಳ ಜನ ತಿಳಿದಿದ್ದಾರೆ. ನಮ್ಮ ದೇಶದಲ್ಲಿ ರೇಬಿಸ್ ಹೆಚ್ಚಾಗಿ ಹರಡುವುದು ನಾಯಿಯಿಂದ ಎಂಬುದು ನಿಜ. ಆದರೆ ನಮ್ಮ ಬೆಕ್ಕುಗಳು ಪೇಟೆಯ ಫ್ಲ್ಯಾಟಿನೊಳಗಿನ ಬೆಕ್ಕುಗಳಂತೆ ಇರುವುದಿಲ್ಲ. ರಾತ್ರಿಯಿಡೀ ಮಾಳಿಗೆ, ಹಿತ್ತಲು, ಕಬ್ಬಿನ ಹೊಲ ಸುತ್ತಿ ಬರುತ್ತವೆ. ಬೀದಿ ನಾಯಿ ಅಟ್ಟಿಸಿಕೊಂಡು ಬಂದು ಕಡಿದರೂ ನಮಗೆ ತಿಳಿಯುವುದಿಲ್ಲ. ರೋಗದ ಲಕ್ಷಣ ಒಮ್ಮೆ ಕಾಣಿಸಿಕೊಂಡರೆ ಮನುಷ್ಯ ಬದುಕುವುದು ಇಲ್ಲವೆಂದೇ ಹೇಳಬೇಕು. ಲಕ್ಷಣ ಕಾಣುವ ಮೊದಲೇ ಲಸಿಕೆ ಸರಿಯಾಗಿ ತೆಗೆದುಕೊಂಡರೆ ರೋಗವನ್ನು ತಡೆಯಬಹುದು. ಒಂದೇ ರೋಗದಲ್ಲಿ ಇಷ್ಟು ಅಂತರ ಇರುವುದರಿಂದಲೇ ಕಡಿತವನ್ನು ಮುಚ್ಚಿಡುವುದು ಅಷ್ಟು ದೊಡ್ಡ ವಿಷಯ. ಕರ್ನಾಟಕ ಸರಕಾರ 2022ರಲ್ಲಿ ಮನುಷ್ಯರ ರೇಬಿಸ್ ಅನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ರೋಗ ಎಂದು ಘೋಷಿಸಿದೆ.

ಕಡಿದ ತಕ್ಷಣ ಮಾಡಬೇಕಾದದ್ದು ನಲ್ಲಿಯ ಕೆಳಗೆ ಗಾಯ ಹಿಡಿದು ಸೋಪು ಹಚ್ಚಿ 15 ನಿಮಿಷ ತೊಳೆಯುವುದು. ರೇಬಿಸ್ ವೈರಾಣುವಿನ ಹೊರಗೆ ಕೊಬ್ಬಿನ ಪದರ ಇರುತ್ತದೆ, ಸೋಪು ಆ ಪದರವನ್ನು ಒಡೆಯುತ್ತದೆ. ಹೀಗಾಗಿ ಮನೆಯಲ್ಲಿರುವ ಸಾದಾ ಬಟ್ಟೆ ಸೋಪು ಕೂಡ ಇಲ್ಲಿ ಔಷಧವೇ. 15 ನಿಮಿಷ ಎಂದರೆ ನಾವು ಅಂದುಕೊಳ್ಳುವುದಕ್ಕಿಂತ ಬಹಳ ಉದ್ದ. ಗಡಿಯಾರ ನೋಡಿಕೊಂಡೇ ತೊಳೆಯಿರಿ, ಇಲ್ಲದಿದ್ದರೆ ಎರಡು ನಿಮಿಷಕ್ಕೇ ಸಾಕೆನಿಸುತ್ತದೆ. ಸುಣ್ಣ, ಖಾರದ ಪುಡಿ, ಅರಿಶಿನ, ಕಾಯಿಸಿದ ಎಣ್ಣೆ ಇವು ಯಾವುದನ್ನೂ ಹಚ್ಚಬಾರದು, ಬಿಗಿಯಾಗಿ ಕಟ್ಟಲೂಬಾರದು. ದುಆ ಓದಿಸುವವರು ಓದಿಸಲಿ, ಅದಕ್ಕೆ ಯಾರ ಅಡ್ಡಿಯೂ ಇಲ್ಲ. ಆದರೆ ಮೊದಲು ಸೋಪು ನೀರು, ಆಮೇಲೆ ಆಸ್ಪತ್ರೆ, ಅದಾದ ಮೇಲೆ ಉಳಿದದ್ದು.

ಆಸ್ಪತ್ರೆಯಲ್ಲಿ ಗಾಯವನ್ನು ಮೂರು ದರ್ಜೆಯಲ್ಲಿ ನೋಡುತ್ತಾರೆ. ಗಾಯವಿಲ್ಲದ ಚರ್ಮವನ್ನು ಬೆಕ್ಕು ನೆಕ್ಕಿದರೆ ಅದು ಮೊದಲನೆಯದು, ತೊಳೆದರೆ ಸಾಕು. ರಕ್ತ ಬಾರದ ಸಣ್ಣ ಗೀರು ಎರಡನೆಯದು, ಅದಕ್ಕೆ ಲಸಿಕೆ ಬೇಕು. ಚರ್ಮ ತೂತಾದ ಕಡಿತ, ರಕ್ತ ಬಂದ ಗೀರು, ಗಾಯದ ಮೇಲೆ ಅಥವಾ ಬಾಯಿ ಕಣ್ಣಿಗೆ ಜೊಲ್ಲು ತಾಗಿದ್ದು, ಇವು ಮೂರನೆಯದು. ಆಗ ಲಸಿಕೆಯ ಜೊತೆಗೆ ಗಾಯದೊಳಗೆ ಮತ್ತು ಸುತ್ತ ಸೀರಂ ಕೂಡ ಹಾಕಬೇಕಾಗುತ್ತದೆ. ಬೆಕ್ಕಿನ ಹಲ್ಲು ಸೂಜಿಯ ಹಾಗೆ ಇರುವುದರಿಂದ ತೂತು ಸಣ್ಣದಾಗಿ ಕಾಣುತ್ತದೆ. ಸಣ್ಣದಾಗಿ ಕಾಣುವುದರಿಂದಲೇ ಜನ ಅದನ್ನು ಗೀರು ಎಂದು ಲೆಕ್ಕ ಹಾಕುತ್ತಾರೆ. ಅದು ಮೂರನೆಯ ದರ್ಜೆಯ ಗಾಯ.

ಹಿರಿಯರಿಗೆ ಹೊಟ್ಟೆಯ ಸುತ್ತ ಹಾಕುತ್ತಿದ್ದ 14 ಇಂಜೆಕ್ಷನ್ನುಗಳ ನೆನಪು ಇನ್ನೂ ಇದೆ. ನಮ್ಮ ನಾನಿ ಅದನ್ನು ಹೇಳಿಯೇ ಎಲ್ಲರನ್ನೂ ಹೆದರಿಸುತ್ತಾರೆ. ಆ ಹಳೆಯ ಲಸಿಕೆಯನ್ನು ಕುರಿಯ ಮಿದುಳಿನಿಂದ ತಯಾರಿಸುತ್ತಿದ್ದರು, 2004ರ ಕೊನೆಗೆ ಭಾರತದಲ್ಲಿ ಅದರ ತಯಾರಿಕೆ ನಿಂತಿತು. ಈಗಿನದನ್ನು ತೋಳಿಗೆ ಹಾಕುತ್ತಾರೆ. ನಮ್ಮ ಸರಕಾರಿ ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿ ಚರ್ಮದೊಳಗೆ, ಎರಡೂ ತೋಳಿಗೆ 0.1 ಮಿಲಿಲೀಟರಿನಂತೆ, 0, 3, 7 ಮತ್ತು 28ನೇ ದಿನ ಕೊಡುತ್ತಾರೆ. ಹಣ ಕೊಡಬೇಕಾಗಿಲ್ಲ. ಸ್ನಾಯುವಿಗೆ ಹಾಕುವ ಪದ್ಧತಿಯಲ್ಲಿ 0, 3, 7, 14, 28 ಎಂದು ಐದು ಸಲ. ಈ ಸೊನ್ನೆಯ ದಿನ ಬಹಳ ಜನರನ್ನು ಗಲಿಬಿಲಿ ಮಾಡುತ್ತದೆ. ಕಾಮರ್ಸಿನವರಿಗೆ ಇದು ಸುಲಭ: ಬಿಲ್ಲಿನ ಅವಧಿ ಎಣಿಸುವಾಗ ಬಿಲ್ಲು ಬರೆದ ದಿನವನ್ನು ಬಿಡುತ್ತೇವಲ್ಲ, ಹಾಗೆಯೇ. ಮೊದಲ ಲಸಿಕೆ ಸೋಮವಾರವಾದರೆ ಎರಡನೆಯದು ಗುರುವಾರ, ಮೂರನೆಯದು ಮುಂದಿನ ಸೋಮವಾರ, ಕೊನೆಯದು ಮೊದಲ ಸೋಮವಾರದಿಂದ ನಾಲ್ಕು ವಾರಕ್ಕೆ. ಬಿಲ್ಲಿಗೆ ಮೂರು ದಿನದ ಗ್ರೇಸ್ ಇದೆ, ಇಲ್ಲಿ ಅದನ್ನು ನಂಬಿ ಕೂರಬೇಡಿ.

ಇದೇ ಹೊತ್ತಿನಲ್ಲಿ ಬೆಕ್ಕಿನ ಮೇಲೂ 10 ದಿನ ಕಣ್ಣಿಡಬೇಕು. ಕಡಿಯುವಾಗ ನಾಯಿ ಅಥವಾ ಬೆಕ್ಕಿನ ಜೊಲ್ಲಿನಲ್ಲಿ ರೇಬಿಸ್ ವೈರಾಣು ಇದ್ದಿದ್ದರೆ ಆ ಪ್ರಾಣಿ 10 ದಿನದೊಳಗೆ ಕಾಯಿಲೆ ಬಿದ್ದು ಸಾಯುತ್ತದೆ. 10 ದಿನದ ನಂತರವೂ ಅದು ತಿಂದುಂಡು ಆರೋಗ್ಯವಾಗಿದ್ದರೆ ಮುಂದಿನ ಲಸಿಕೆ ಬೇಕೋ ಬೇಡವೋ ಎಂದು ಡಾಕ್ಟರು ತೀರ್ಮಾನ ಮಾಡಬಹುದು. ಈಗ ಆ ಚೀಲದ ಪರಿಹಾರವನ್ನು ನೆನಪಿಸಿಕೊಳ್ಳಿ. ಕಡಿದ ದಿನವೇ ಬೆಕ್ಕನ್ನು ಹೊಳೆಯ ಆಚೆ ಬಿಟ್ಟು ಬಂದರೆ, ಅದಕ್ಕೆ ರೋಗ ಇತ್ತೋ ಇಲ್ಲವೋ ಎಂದು ತಿಳಿಯುವ ಏಕೈಕ ಸುಲಭ ದಾರಿಯನ್ನು ನಾವೇ ಮುಚ್ಚಿದಂತಾಯಿತು. ಜೊತೆಗೆ ಪ್ರಾಣಿಗಳಿಗೆ ಕ್ರೌರ್ಯ ತಡೆಯುವ 1960ರ ಕಾಯ್ದೆಯ 11ನೇ ಕಲಮಿನ ಪ್ರಕಾರ, ಹಸಿವು ನೀರಡಿಕೆಯಿಂದ ನರಳುವಂತೆ ಪ್ರಾಣಿಯನ್ನು ಕಾರಣವಿಲ್ಲದೆ ಬಿಟ್ಟು ಬರುವುದು ಅಪರಾಧ.

ರೇಬಿಸ್ ಒಂದೇ ಅಪಾಯ ಅಲ್ಲ. ನನ್ನ ಖಾಲಾ ಮಗನ ಕೈ ಬಾತದ್ದು ರೇಬಿಸ್‌ನಿಂದ ಅಲ್ಲವೇ ಅಲ್ಲ. ಬೆಕ್ಕಿನ ಬಾಯಲ್ಲಿ ಪಾಶ್ಚುರೆಲ್ಲಾ ಎಂಬ ಬ್ಯಾಕ್ಟೀರಿಯಾ ಸಾಮಾನ್ಯವಾಗಿ ಇರುತ್ತದೆ. ಸೂಜಿಯಂಥ ಹಲ್ಲು ಅದನ್ನು ಆಳಕ್ಕೆ ಇಳಿಸುತ್ತದೆ, ಮೇಲಿನ ಚರ್ಮ ಬೇಗ ಮುಚ್ಚಿಕೊಳ್ಳುತ್ತದೆ, ಒಳಗೆ ಕೀವು ಬೆಳೆಯುತ್ತದೆ. ಬೆರಳಿನ ಗಂಟು ಮತ್ತು ಮಣಿಕಟ್ಟಿನ ಕಡಿತ ಹೆಚ್ಚು ಕೆಟ್ಟದ್ದು. ಒಂದೇ ದಿನದಲ್ಲಿ ಕೆಂಪಾಗಿ ಬಿಸಿಯಾಗಿ ಬಾತರೆ ತಡ ಮಾಡಬಾರದು. ಮನೆಯಲ್ಲಿ ಸಕ್ಕರೆ ಕಾಯಿಲೆಯವರಿದ್ದರೆ ಇನ್ನೂ ಎಚ್ಚರ ಬೇಕು, ನಾನಿಯ ಕೋಲಿಗೆ ಇದೂ ಒಂದು ಕಾರಣ. ಅಂದ ಹಾಗೆ ಆ ಬ್ಯಾಕ್ಟೀರಿಯಾಕ್ಕೆ ಹೆಸರು ಬಂದದ್ದು ಲೂಯಿ ಪಾಶ್ಚರ್‌ನಿಂದ. 1885ರ ಜುಲೈ 6ರಂದು ಹುಚ್ಚು ನಾಯಿ ಕಡಿದಿದ್ದ ಜೋಸೆಫ್ ಮೈಸ್ಟರ್ ಎಂಬ ಒಂಬತ್ತು ವರ್ಷದ ಹುಡುಗನಿಗೆ ರೇಬಿಸ್ ಲಸಿಕೆ ಕೊಡಿಸಿ ಉಳಿಸಿದವನೂ ಅದೇ ಪಾಶ್ಚರ್.

ಈಗ ಬೆಕ್ಕಿನ ಕಡೆ ಬರೋಣ. ಸಿಟ್ಟಿನ ಬೆಕ್ಕು ಎಂದು ಒಂದೇ ಮಾತಿನಲ್ಲಿ ಹೇಳಿಬಿಟ್ಟರೆ ಮುಂದೆ ಏನೂ ಮಾಡಲು ಬರುವುದಿಲ್ಲ. ಶೇರುವಿನ ವಿಷಯದಲ್ಲಿ ನಾನು ಒಂದು ಹಳೆಯ ಅಕೌಂಟೆನ್ಸಿ ನೋಟ್‌ಬುಕ್ ತೆಗೆದು ಒಂದು ತಿಂಗಳು ಜರ್ನಲ್ ಬರೆದೆ. ದಿನಾಂಕ, ವೇಳೆ, ಯಾರಿಗೆ, ಮೈಯ ಯಾವ ಭಾಗಕ್ಕೆ, ಅದಕ್ಕೂ ಒಂದು ನಿಮಿಷ ಮೊದಲು ಏನು ನಡೆಯುತ್ತಿತ್ತು. ಕೊನೆಯ ಕಾಲಮ್ಮೇ ಮುಖ್ಯ. ತಿಂಗಳ ಕೊನೆಗೆ ಅವನ್ನೆಲ್ಲ ಲೆಡ್ಜರಿಗೆ ಹಾಕಿದೆ. ಆಟದ ಖಾತೆ, ಸವರಿದ ಖಾತೆ, ಹೆದರಿಕೆಯ ಖಾತೆ, ಆಹಾರದ ಖಾತೆ. ಯಾವುದಕ್ಕೂ ಹೊಂದದ ನಾಲ್ಕು ಕಡಿತ ಉಳಿದವು, ಅವನ್ನು ಸಸ್ಪೆನ್ಸ್ ಖಾತೆಗೆ ಹಾಕಿದೆ. ಅಬ್ಬಾ ನೋಡಿ ನಕ್ಕರು, ಆಮೇಲೆ ಅವರೇ ತಮಗೆ ಕಡಿದದ್ದನ್ನು ಬರೆಸತೊಡಗಿದರು.

ಎಲ್ಲಕ್ಕಿಂತ ದೊಡ್ಡದು ಆಟದ ಖಾತೆ. ಅದರಲ್ಲಿ ಹೆಚ್ಚಿನವು ಮಗ್ರಿಬ್‌ನಿಂದ ಇಶಾ ನಮಾಜಿನ ನಡುವೆ, ಇಲ್ಲವೇ ಫಜರ್ ಹೊತ್ತಿಗೆ. ಇದು ಆಶ್ಚರ್ಯವಲ್ಲ. ಬೆಕ್ಕು ಮುಂಜಾವು ಮತ್ತು ಮುಸ್ಸಂಜೆಯ ಬೇಟೆಗಾರ, ಹಗಲಿನಲ್ಲಿ ಗಂಟೆಗಟ್ಟಲೆ ಮಲಗಿ ಆ ಹೊತ್ತಿಗೆ ಶಕ್ತಿ ಉಳಿಸಿಕೊಂಡಿರುತ್ತದೆ. ಅದರ ಬಳಿ 30 ಹಲ್ಲು, 18 ಉಗುರು ಇವೆ. ಹಿಡಿಯಲು ಇಲಿ ಸಿಗದಿದ್ದರೆ ಕೌದಿಯೊಳಗೆ ಅಲ್ಲಾಡುವ ಕಾಲೇ ಇಲಿ. ಇದರಲ್ಲಿ ಸಿಟ್ಟು ಇಲ್ಲ. ಆಟಕ್ಕೆ ಕಡಿಯುವ ಬೆಕ್ಕು ಸಾಮಾನ್ಯವಾಗಿ ಗುರುಗುಟ್ಟುವುದಿಲ್ಲ, ಮೊದಲು ಹೊಂಚು ಹಾಕಿ ಹಿಂಭಾಗ ಅಲ್ಲಾಡಿಸಿ ಆಮೇಲೆ ಹಾರುತ್ತದೆ.

ಇಂಥ ಬೆಕ್ಕುಗಳ ಹಿಂದೆ ಹೆಚ್ಚಾಗಿ ಒಂದೇ ಕಥೆ ಇರುತ್ತದೆ. ಗೋದಾಮಿನಲ್ಲಿ ಮರಿ ಹಾಕಿದೆ ಎಂದು ಗೊತ್ತಾದ ಕೂಡಲೇ ಕಣ್ಣು ಬಿಟ್ಟ ಮರಿಯನ್ನು ಯಾರೋ ಜೇಬಿನಲ್ಲಿ ಹಾಕಿಕೊಂಡು ತಂದಿರುತ್ತಾರೆ. ಮರಿಗೆ ಎರಡರಿಂದ ಏಳು ವಾರದವರೆಗಿನ ಕಾಲ ಬಹಳ ದೊಡ್ಡದು. ಆ ಹೊತ್ತಿನಲ್ಲಿ ಮನುಷ್ಯರ ಕೈ ಹದವಾಗಿ ತಾಗಿದರೆ ಅದು ಮನುಷ್ಯರಿಗೆ ಹೊಂದಿಕೊಳ್ಳುತ್ತದೆ. ಅದೇ ಹೊತ್ತಿನಲ್ಲಿ ಅಣ್ಣತಮ್ಮಂದಿರ ಜೊತೆ ಕುಸ್ತಿಯಾಡುತ್ತಾ ಎಷ್ಟು ಕಡಿದರೆ ನೋವಾಗುತ್ತದೆ ಎಂದೂ ಕಲಿಯುತ್ತದೆ, ಜೋರಾಗಿ ಕಡಿದರೆ ಆಟ ನಿಂತುಹೋಗುತ್ತದೆ. ಒಂಟಿಯಾಗಿ ಬೆಳೆದ ಮರಿಗೆ ಈ ಪಾಠ ಇಲ್ಲ. ಅದರ ಮೇಲೆ ನಾವು ಬರಿಗೈ ಬೆರಳು ಆಡಿಸಿ ಆಟ ಕಲಿಸುತ್ತೇವೆ. ಒಂದು ತಿಂಗಳ ಮರಿ ಬೆರಳು ಕಡಿದರೆ ಎಲ್ಲರಿಗೂ ಮುದ್ದು. ಒಂದು ವರ್ಷದ ಗಂಡು ಅದೇ ಆಟ ಆಡಿದರೆ ರಕ್ತ. ಎರಡು ತಿಂಗಳಾದರೂ ಮರಿಯನ್ನು ತಾಯಿಯ ಹತ್ತಿರ ಬಿಡುವುದು, ಸಾಧ್ಯವಿದ್ದರೆ ಎರಡು ಮರಿಗಳನ್ನು ಜೊತೆಗೆ ತರುವುದು ಒಳ್ಳೆಯದು.

ಬೆಕ್ಕು ಈಗಾಗಲೇ ದೊಡ್ಡದಾಗಿದ್ದರೆ? ಕೈಯನ್ನು ಆಟದಿಂದ ಪೂರ್ತಿ ತೆಗೆಯಬೇಕು. ನಾವು ಒಂದು ಕೋಲಿಗೆ ದಾರ ಕಟ್ಟಿ, ದಾರದ ತುದಿಗೆ ಹಳೆಯ ಕಾಲುಚೀಲದ ಉಂಡೆ ಕಟ್ಟಿದೆವು. ಗೋಕಾಕದ ಮರದ ಗೊಂಬೆಗಳಿಗೆ ಎಷ್ಟೇ ಹೆಸರಿರಲಿ, ಬೆಕ್ಕಿಗೆ ಅವು ಬೇಡ. ಹಲ್ಲು ಊರುವಂಥ ಮೆತ್ತನೆಯದು ಬೇಕು. ಮಗ್ರಿಬ್ ಆದ ಮೇಲೆ ಹತ್ತು ನಿಮಿಷ ಓಡಿಸಿ, ಕೊನೆಗೆ ಆ ಉಂಡೆಯನ್ನು ಅದಕ್ಕೆ ಹಿಡಿಯಲು ಬಿಟ್ಟು, ಕೂಡಲೇ ಊಟ ಹಾಕುವುದು. ಬೇಟೆ, ಊಟ, ಮೈ ನೆಕ್ಕಿಕೊಳ್ಳುವುದು, ನಿದ್ದೆ ಎಂಬುದು ಬೆಕ್ಕಿನ ಸ್ವಾಭಾವಿಕ ಕ್ರಮ. ಆಟವಾಡಿಸಿ ಊಟ ಕೊಡದೆ ಬಿಟ್ಟರೆ ಅರ್ಧಕ್ಕೆ ನಿಲ್ಲಿಸಿದಂತೆ. ದಾರವನ್ನು ಆಮೇಲೆ ಎತ್ತಿಡಬೇಕು, ನುಂಗಿದರೆ ಕರುಳಿಗೆ ಸುತ್ತಿಕೊಳ್ಳುತ್ತದೆ. ರಮಜಾನಿನಲ್ಲಿ ನಾವು ಸೆಹರಿಗೆ ಎದ್ದು ಅದಕ್ಕೂ ಒಂದು ತುಂಡು ಹಾಕಿದರೆ, ಈದ್ ಮುಗಿದ ಮೇಲೂ ಅದು ನಾಲ್ಕು ಗಂಟೆಗೆ ಬಂದು ಕಾಲು ಕಡಿದು ಎಬ್ಬಿಸುತ್ತದೆ. ಅದರ ಲೆಕ್ಕದಲ್ಲಿ ಸೆಹರಿಗೆ 30 ದಿನದ ಮಿತಿ ಇಲ್ಲ.

ಸವರಿದ ಖಾತೆ ಬಹಳ ಜನರಿಗೆ ಅರ್ಥವಾಗದ್ದು. ತಾನೇ ಬಂದು ಮಡಿಲಲ್ಲಿ ಕೂತು, ಗುರ್ ಗುರ್ ಎಂದು, ಇದ್ದಕ್ಕಿದ್ದಂತೆ ಕೈ ಕಡಿದು ಓಡುತ್ತದೆ. ನಮಕ್ ಹರಾಮ್ ಎಂದು ಬೈಸಿಕೊಳ್ಳುತ್ತದೆ. ಆದರೆ ಅದು ಇದ್ದಕ್ಕಿದ್ದಂತೆ ಆದದ್ದಲ್ಲ. ಬಾಲದ ತುದಿ ಪಟಪಟ ಹೊಡೆದಿರುತ್ತದೆ, ಬೆನ್ನಿನ ಚರ್ಮ ನಡುಗಿರುತ್ತದೆ, ಕಿವಿ ಪಕ್ಕಕ್ಕೆ ತಿರುಗಿರುತ್ತದೆ, ಗುರ್ ಗುರ್ ನಿಂತಿರುತ್ತದೆ, ಕಣ್ಣಿನ ಕಪ್ಪು ದೊಡ್ಡದಾಗಿರುತ್ತದೆ. ನಾವು ಮೊಬೈಲ್ ನೋಡುತ್ತಾ ಸವರುತ್ತಿರುತ್ತೇವೆ. ಒಂದೇ ಕಡೆ ಮೇಲಿಂದ ಮೇಲೆ ಸವರಿದರೆ ಕೆಲವು ಬೆಕ್ಕುಗಳಿಗೆ ಹಿತ ಹೋಗಿ ಹಿಂಸೆಯಾಗುತ್ತದೆ. ಗದ್ದ, ಕೆನ್ನೆ, ಕಿವಿಯ ಬುಡ ಇವು ಸಾಮಾನ್ಯವಾಗಿ ಸರಿ. ಬಾಲದ ಬುಡ, ಕಾಲು, ಹೊಟ್ಟೆ ಬೇಡ. ಬೆಕ್ಕು ಹೊಟ್ಟೆ ತೋರಿಸಿ ಉರುಳಿದರೆ ನಿಮ್ಮ ಮೇಲೆ ನಂಬಿಕೆ ಇದೆ ಎಂದಷ್ಟೇ ಅರ್ಥ, ಮುಟ್ಟು ಎಂದಲ್ಲ. ನಮ್ಮ ಮನೆಯಲ್ಲಿ ಈಗ ಮೂರು ಸಲ ಸವರಿ ಕೈ ತೆಗೆಯುತ್ತೇವೆ. ತಾನೇ ತಲೆ ತಂದು ಉಜ್ಜಿದರೆ ಇನ್ನು ಮೂರು.

ಹೆದರಿಕೆಯ ಖಾತೆಯಲ್ಲಿ ಒಂದು ವಿಚಿತ್ರ ಇದೆ. ಬೆಕ್ಕು ಹೆದರಿದ್ದು ಒಬ್ಬರಿಗೆ, ಕಡಿದದ್ದು ಇನ್ನೊಬ್ಬರಿಗೆ. ಕಂಪೌಂಡಿನ ಮೇಲೆ ಬೇರೆ ಗಂಡು ಬೆಕ್ಕು ಬಂದು ಕೂತಿರುತ್ತದೆ, ನಮ್ಮದು ಕಿಟಕಿಯ ಒಳಗಿನಿಂದ ನೋಡಿ ಕುದಿಯುತ್ತಿರುತ್ತದೆ, ಅದೇ ಹೊತ್ತಿಗೆ ಅಮ್ಮಿ ಪಕ್ಕದಲ್ಲಿ ಹಾದು ಹೋಗುತ್ತಾರೆ. ಆ ಕಡಿತ ಅಮ್ಮಿಯ ಕಾಲಿಗೆ. ಮದುವೆಯ ಡಿಜೆ, ಪಟಾಕಿ, ಜಾತ್ರೆಯ ಡೊಳ್ಳು ಇವುಗಳಿಂದಲೂ ಹೀಗೇ ಆಗುತ್ತದೆ. ಅಂಥ ಹೊತ್ತಿನಲ್ಲಿ ಎತ್ತಿ ಸಮಾಧಾನ ಮಾಡಲು ಹೋಗಬಾರದು. ಕೋಣೆ ಕತ್ತಲು ಮಾಡಿ, ಬಾಗಿಲು ಎಳೆದು, ಒಂದೆರಡು ಗಂಟೆ ಬಿಟ್ಟುಬಿಡಬೇಕು. 2019ರ ಆಗಸ್ಟಿನಲ್ಲಿ ಘಟಪ್ರಭೆ ಉಕ್ಕಿ ಗೋಕಾಕದೊಳಗೆ ನೀರು ಬಂದಾಗ, ಮತ್ತೆ 2024ರ ಜುಲೈನಲ್ಲಿ ಬಂದಾಗ, ಬೆಕ್ಕನ್ನೂ ಹೊತ್ತುಕೊಂಡು ಬೇರೆ ಮನೆಗೆ ಹೋದವರು ನಮ್ಮ ಓಣಿಯಲ್ಲಿ ಇದ್ದಾರೆ. ಅವರೆಲ್ಲ ಒಂದೇ ಮಾತು ಹೇಳುತ್ತಾರೆ, ಮೊದಲು ಸಾದಾ ಇದ್ದ ಬೆಕ್ಕು ಹೊಸ ಮನೆಯಲ್ಲಿ ಮುಟ್ಟಿದರೆ ಕಡಿಯತೊಡಗಿತು. ಮನುಷ್ಯರು ಮನೆಯ ಜನರ ಜೊತೆ ಇದ್ದರೆ ಮನೆ ಬಿಟ್ಟದ್ದನ್ನು ಹೇಗೋ ತಾಳಿಕೊಳ್ಳುತ್ತಾರೆ. ಬೆಕ್ಕಿಗೆ ಜಾಗವೂ ಅದರ ವಾಸನೆಯೂ ಮನೆ. ಹಳೆಯ ಮನೆಯ ಒಂದು ಗೋಣಿಚೀಲವನ್ನು, ತೊಳೆಯದೆ, ಜೊತೆಗೆ ಒಯ್ದರೂ ಅದಕ್ಕೆ ಆಸರೆಯಾಗುತ್ತದೆ.

ಆಹಾರದ ಖಾತೆಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಬಕ್ರೀದಿನ ದಿನ ಹಸಿ ಮಾಂಸದ ತುಂಡು ಹಿಡಿದ ಬೆಕ್ಕಿನ ಬಾಯಿಂದ ಅದನ್ನು ಕಿತ್ತುಕೊಳ್ಳಲು ಹೋದವರಿಗೆ ತಿಳಿದಿರುತ್ತದೆ. ಅದರ ತಟ್ಟೆಯನ್ನು ಜನ ಓಡಾಡದ ಮೂಲೆಯಲ್ಲಿಡಿ, ಸಣ್ಣ ಮಕ್ಕಳನ್ನು ಆ ಕಡೆ ಬಿಡಬೇಡಿ. ಮರಿ ಹಾಕಿದ ತಾಯಿಯ ವಿಷಯವೂ ಇಷ್ಟೇ, ಕೆಲವು ವಾರ ದೂರ ಇರುವುದು.

ಉಳಿದದ್ದು ಸಸ್ಪೆನ್ಸ್ ಖಾತೆ. ಆ ನಾಲ್ಕೂ ಕಡಿತ ಒಂದೇ ವಾರದವು, ನಾಲ್ಕೂ ಎತ್ತಿಕೊಳ್ಳುವಾಗ ಆದವು. ಆಟವೂ ಇಲ್ಲ, ಊಟವೂ ಇಲ್ಲ. ನೋಟ್‌ಬುಕ್ಕಿನಲ್ಲಿ ಹೀಗೆ ಒಟ್ಟಿಗೆ ಕಂಡದ್ದರಿಂದ ಶೇರುವನ್ನು ತರಕಾರಿ ಬುಟ್ಟಿಯಲ್ಲಿ ಹಾಕಿ, ಮೇಲೆ ಇನ್ನೊಂದು ಬುಟ್ಟಿ ಕವುಚಿ ಕಟ್ಟಿ, ದನದ ದವಾಖಾನೆಗೆ ಒಯ್ದೆವು. ಪಶುವೈದ್ಯರು ಟವೆಲ್ ಸುತ್ತಿ ಹಿಡಿದು ಬಾಲದ ಬುಡದ ಕೂದಲು ಸರಿಸಿದರು. ಒಳಗೆ ನಿಂಬೆಹಣ್ಣಿನಷ್ಟು ಕೀವಿನ ಗಂಟು. ಬೇರೆ ಗಂಡು ಬೆಕ್ಕು ಕಡಿದದ್ದು ಮೇಲೆ ಮುಚ್ಚಿ ಒಳಗೆ ಕೊಳೆತಿತ್ತು, ನನ್ನ ಖಾಲಾ ಮಗನ ಕೈಯಲ್ಲಿ ಆದ ಹಾಗೆಯೇ. ಕೀವು ತೆಗೆದು ಔಷಧ ಕೊಟ್ಟರು, ಹದಿನೈದು ದಿನದಲ್ಲಿ ಆ ಖಾತೆ ಮುಗಿಯಿತು. ಬೆಕ್ಕು ನೋವನ್ನು ಅಡಗಿಸಿಡುವ ಪ್ರಾಣಿ, ಅಳುವುದಿಲ್ಲ, ಕುಂಟುವುದೂ ಕಡಿಮೆ. ಸಾದಾ ಇದ್ದ ಬೆಕ್ಕು ಇದ್ದಕ್ಕಿದ್ದಂತೆ ಕಡಿಯತೊಡಗಿದರೆ ಹಲ್ಲು, ಕಿವಿ, ಕೀಲು, ಮೂತ್ರ ಎಲ್ಲವನ್ನೂ ನೋಡಿಸಬೇಕು. ಮನೆಯಲ್ಲಿರುವ ಮಾತ್ರೆ ಮಾತ್ರ ಕೊಡಲೇಬಾರದು. ಡೋಲೋ, ಕ್ರೋಸಿನ್‌ಗಳಲ್ಲಿರುವ ಪ್ಯಾರಾಸಿಟಮಾಲ್ ಬೆಕ್ಕಿಗೆ ವಿಷ, ಒಂದೇ ಮಾತ್ರೆ ಅದನ್ನು ಕೊಲ್ಲಬಹುದು. ಅದರ ಲಿವರಿಗೆ ಆ ಔಷಧವನ್ನು ಕರಗಿಸುವ ಶಕ್ತಿ ಬಹಳ ಕಡಿಮೆ.

ದವಾಖಾನೆಗೆ ಹೋದಾಗಲೇ ಶೇರುವಿಗೆ ರೇಬಿಸ್ ಲಸಿಕೆಯನ್ನೂ ಹಾಕಿಸಿದೆವು. ಮರಿಗೆ ಮೂರು ತಿಂಗಳಾದಾಗ ಮೊದಲನೆಯದು, ಆಮೇಲೆ ವೈದ್ಯರು ಬರೆದುಕೊಟ್ಟ ಪ್ರಕಾರ ವರ್ಷಕ್ಕೊಮ್ಮೆ. ಲಸಿಕೆ ಹಾಕಿದ ಬೆಕ್ಕು ಕಡಿದರೂ ಆಸ್ಪತ್ರೆಗೆ ಹೋಗಿ ಕೇಳುವುದನ್ನು ಬಿಡಬಾರದು. ಸಂತಾನಹರಣ ಚಿಕಿತ್ಸೆಯ ಬಗ್ಗೆಯೂ ವೈದ್ಯರು ಹೇಳಿದರು. ಐದಾರು ತಿಂಗಳ ವಯಸ್ಸಿಗೆ ಮಾಡಿಸಿದರೆ ಗಂಡು ಬೆಕ್ಕು ರಾತ್ರಿ ಊರು ಸುತ್ತುವುದು, ಜಗಳ ಕಾಯುವುದು ಕಡಿಮೆಯಾಗುತ್ತದೆ. ಜಗಳ ಕಡಿಮೆಯಾದರೆ ಕೀವು ಕಡಿಮೆ, ರೇಬಿಸ್ ಭಯವೂ ಕಡಿಮೆ.

ಹೊಡೆಯುವ ವಿಷಯದಲ್ಲಿ ನಮ್ಮ ಮನೆಯಲ್ಲಿ ಇನ್ನೂ ವಾದ ಮುಗಿದಿಲ್ಲ. ಕಸಬರಿಗೆಯಲ್ಲಿ ಎರಡು ಕೊಟ್ಟರೆ ಬುದ್ಧಿ ಬರುತ್ತದೆ ಎಂಬುದು ನಾನಿಯ ಮತ. ಲೆಡ್ಜರ್ ನೋಡಿದರೆ ಹೊಡೆದ ದಿನಗಳ ಮರುದಿನ ಹೆದರಿಕೆಯ ಖಾತೆಗೆ ಹೊಸ ದಾಖಲೆ ಬಂದಿದೆ. ಬೆಕ್ಕಿಗೆ ಏಟಿಗೂ ಕಡಿತಕ್ಕೂ ಇರುವ ಸಂಬಂಧ ತಿಳಿಯುವುದಿಲ್ಲ, ಏಟಿಗೂ ಆ ಮನುಷ್ಯನಿಗೂ ಇರುವ ಸಂಬಂಧ ಚೆನ್ನಾಗಿ ತಿಳಿಯುತ್ತದೆ. ಕೈ ಬಾಯಲ್ಲಿದ್ದಾಗ ಎಳೆದುಕೊಳ್ಳದೆ ಸುಮ್ಮನೆ ಹಿಡಿದರೆ ಅದು ಬಿಟ್ಟುಬಿಡುತ್ತದೆ, ಎಳೆದರೆ ಗಾಯ ಸೀಳುತ್ತದೆ. ಬಿಟ್ಟ ಮೇಲೆ ಎದ್ದು ಬೇರೆ ಕೋಣೆಗೆ ಹೋಗಿ. ಆಟ ನಿಂತುಹೋಗುವುದೇ ಅದಕ್ಕೆ ತಿಳಿಯುವ ಶಿಕ್ಷೆ. ಉಗುರಿಗೆ ಗೋಣಿಚೀಲ ಸುತ್ತಿದ ಕಟ್ಟಿಗೆ ಸಾಕು, ಅಡತ್ ಅಂಗಡಿಯಲ್ಲಿ ಹಳೆಯ ಚೀಲ ಕೇಳಿದರೆ ಕೊಡುತ್ತಾರೆ. ಉಗುರಿನ ಚೂಪು ತುದಿಯನ್ನಷ್ಟೇ ಕತ್ತರಿಸಬಹುದು, ಒಳಗೆ ಕಾಣುವ ಗುಲಾಬಿ ಭಾಗಕ್ಕೆ ತಾಗಬಾರದು. ಉಗುರನ್ನೇ ತೆಗೆಸುವ ಶಸ್ತ್ರಚಿಕಿತ್ಸೆ ಎಂದರೆ ಬೆರಳಿನ ಕೊನೆಯ ಮೂಳೆಯನ್ನೇ ಕತ್ತರಿಸುವುದು, ಅಮೆರಿಕದ ನ್ಯೂಯಾರ್ಕ್ ರಾಜ್ಯ 2019ರಲ್ಲಿ ಅದನ್ನು ನಿಷೇಧಿಸಿತು.

ಇಷ್ಟೆಲ್ಲ ಮಾಡಿದರೂ ಕೆಲವು ಬೆಕ್ಕುಗಳು ಕೆಲವು ಮನೆಗೆ ಹೊಂದುವುದಿಲ್ಲ. ತೊಟ್ಟಿಲಲ್ಲಿ ಕೂಸು ಇದ್ದರೆ, ಹಾಸಿಗೆ ಹಿಡಿದ ಹಿರಿಯರಿದ್ದರೆ ಮನೆಯವರು ಬೇರೆ ಯೋಚನೆ ಮಾಡಲೇಬೇಕಾಗುತ್ತದೆ. ಅದನ್ನು ನಾನು ತಪ್ಪು ಎನ್ನುವುದಿಲ್ಲ. ಆದರೆ ಬಿಡುವುದು ಬೇರೆ, ಕೊಡುವುದು ಬೇರೆ. ಕೊಡುವಾಗ ಕಡಿಯುತ್ತದೆ ಎಂದು ಮುಚ್ಚಿಡದೆ ಹೇಳಿ, ಲಸಿಕೆ ಹಾಕಿಸಿ ಕೊಡಬೇಕು. ಮಾರುವ ಸರಕಿನ ದೋಷವನ್ನು ಹೇಳಿಯೇ ಮಾರಬೇಕೆಂದು ವ್ಯಾಪಾರಕ್ಕೆ ಇರುವ ನಿಯಮ ಬಿಟ್ಟಿ ಕೊಡುವ ಬೆಕ್ಕಿಗೂ ಇರಲಿ. ಮುದ್ದು ಬೇಡದ, ಇಲಿ ಹಿಡಿದರೆ ಸಾಕೆನ್ನುವ ಜಾಗಗಳು ನಮ್ಮ ಮೂರು ತಾಲ್ಲೂಕಿನಲ್ಲಿ ಕಡಿಮೆ ಇಲ್ಲ: ಕಾಳಿನ ಅಂಗಡಿ, ಬೀಜ ಗೊಬ್ಬರದ ಗೋದಾಮು, ಗಾಣದ ಮನೆ. ಹುಕ್ಕೇರಿಯ ಮಿನ್ನೂ ಎಲ್ಲಿಗೂ ಹೋಗಲಿಲ್ಲ, 10 ದಿನದ ಕಾವಲು ಮುಗಿಸಿ ಅದೇ ಮನೆಯಲ್ಲಿದೆ. ನಮ್ಮ ಓಣಿಯ ಇನ್ನೊಂದು ಬೆಕ್ಕು ಮಾತ್ರ ಮೂಡಲಗಿಯ ಒಂದು ಕಾಳಿನ ಅಂಗಡಿ ಸೇರಿದೆ. ಅದು ಇಡೀ ದಿನ ಜೋಳದ ಚೀಲಗಳ ಮೇಲೆ ಮಲಗಿರುತ್ತದೆ. ಮುಟ್ಟಲು ಬಂದ ಗಿರಾಕಿಗಳಿಗೆ ಮಾಲೀಕರು ಮೊದಲೇ ಹೇಳಿಬಿಡುತ್ತಾರೆ: "ಅದಕ್ಕ ಕೈ ಹಚ್ಚಬ್ಯಾಡ್ರಿ, ಅದು ಇಲ್ಲಿ ಪಗಾರಕ್ಕ ಐತಿ."